ಹಳೆಯ ಸಿಯೆರಾದ ಪವರ್ ವಿಂಡೋ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

1991ರಲ್ಲಿ ಟಾಟಾ ಸಿಯೆರಾ ರಸ್ತೆಗಿಳಿದಾಗ, ಗುಂಡಿ ಒತ್ತಿದರೆ ಗಾಜು ತಾನಾಗಿ ಇಳಿಯುವುದನ್ನು ನೋಡಲೆಂದೇ ಜನ ಸುತ್ತ ನೆರೆಯುತ್ತಿದ್ದರು. ಅಂಬಾಸಿಡರ್, ಪದ್ಮಿನಿಗಳ ಹಿಡಿ ತಿರುಗಿಸಿ ಕೈ ಪಳಗಿದ್ದ ಕಾಲ ಅದು. ಮೂವತ್ತು ವರ್ಷ ದಾಟಿದ ಮೇಲೆ ಅದೇ ಗುಂಡಿಯನ್ನು ಒತ್ತಿ ಒತ್ತಿ ಬೆರಳು ನೋಯುತ್ತಿದೆ, ಗಾಜು ಮಾತ್ರ ಕದಲುತ್ತಿಲ್ಲ ಎನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಟಾಟಾ ಎಸ್ಟೇಟ್, ಹಿಂದೂಸ್ತಾನ್ ಕಾಂಟೆಸ್ಸಾ, ಮಾರುತಿಯ ಮೊದಮೊದಲ ಎಸ್ಟೀಮ್ ಇಟ್ಟುಕೊಂಡವರಿಗೂ ಇಲ್ಲಿನ ಬಹುಪಾಲು ಹೊಂದುತ್ತದೆ. ನಾನು ಮೆಕ್ಯಾನಿಕ್ ಅಲ್ಲ. ಭಾನುವಾರಗಳನ್ನು ಬಾಗಿಲೊಳಗೆ ಕೈ ಹಾಕಿಕೊಂಡು ಕಳೆದವನು, ಅಷ್ಟೇ.

ಗಾಜು ಏರದಿದ್ದರೆ ಏನಂತೆ? ಹಳೆ ಗಾಡಿಯಲ್ಲಿ ಇದಕ್ಕಿಂತ ದೊಡ್ಡ ತಾಪತ್ರಯಗಳಿಲ್ಲವೇ?

ಇವೆ. ಆದರೆ ಸಿಯೆರಾಗೆ ಪಕ್ಕದಲ್ಲಿ ಎರಡೇ ಬಾಗಿಲು. ಹಿಂದಿನ ಸೀಟಿನ ಪಕ್ಕ, ಚಾವಣಿಯವರೆಗೂ ಬಾಗಿಕೊಂಡು ಹೋಗುವ ಆ ದೊಡ್ಡ ಗಾಜು ನೋಡಲು ಎಷ್ಟು ಚಂದವೋ ಅಷ್ಟೇ ಜಡ, ಅದು ತೆರೆಯುವುದೇ ಇಲ್ಲ. ಮುಂದಿನ ಎರಡು ಗಾಜು ಸತ್ತರೆ, ಏಸಿಯಲ್ಲಿ ಗ್ಯಾಸ್ ಇಲ್ಲದಿದ್ದರೆ, ಏಪ್ರಿಲ್ ತಿಂಗಳ ಬಳ್ಳಾರಿ ರಸ್ತೆಯಲ್ಲಿ ಗಾಜಿನ ಮನೆಯೊಳಗೆ ಕೂತ ಹಾಗೆ. ಟೋಲ್‌ಗೇಟಿನ ಕಷ್ಟವಂತೂ ಬೇರೆಯೇ ಇತ್ತು: ಎರಡೇ ಬಾಗಿಲಿನ ಗಾಡಿಯ ಬಾಗಿಲು ಉದ್ದ, ಗೂಡಿನ ಪಕ್ಕ ಪೂರ್ತಿ ತೆರೆಯಲು ಜಾಗ ಸಾಲದು, ಕಿರಿದಾದ ಸಂದಿನಿಂದ ಕೈ ತೂರಿಸಿ ದುಡ್ಡು ಕೊಡಬೇಕು. ಫಾಸ್ಟ್ಯಾಗ್ ಬಂದ ಮೇಲೆ ಆ ಒಂದು ಅವಮಾನ ತಪ್ಪಿದೆ.

ಗುಂಡಿ ಒತ್ತಿದಾಗ ಬಾಗಿಲೊಳಗೆ ನಡೆಯುವುದೇನು?

ಇದೊಂದನ್ನು ಅರ್ಥ ಮಾಡಿಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳುತ್ತೀರಿ.

ಬಾಗಿಲೊಳಗೆ 12 ವೋಲ್ಟಿನ ಒಂದು ಚಿಕ್ಕ ಡಿಸಿ ಮೋಟರ್ ಇದೆ. ಅದರ ತುದಿಯಲ್ಲಿ ತಿರುಪಿನಂಥ ವರ್ಮ್ ಗೇರ್, ಅದಕ್ಕೆ ಕಚ್ಚಿಕೊಂಡ ಹಲ್ಲುಚಕ್ರ. ಚಕ್ರ ತಿರುಗಿದರೆ ಗಾಜನ್ನು ಎತ್ತುವ ಸಾಧನ ಚಲಿಸುತ್ತದೆ. ಗ್ಯಾರೇಜಿನವರು ಇದನ್ನು ‘ಮಷೀನ್’ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮಷೀನಿನಲ್ಲಿ ಎರಡು ಜಾತಿ: ಕತ್ತರಿಯಂತೆ ಮಡಚುವ ತೋಳಿನದು, ಉಕ್ಕಿನ ಕೇಬಲ್ ಎಳೆಯುವಂಥದು. ಮೂವತ್ತು ವರ್ಷದಲ್ಲಿ ಎಷ್ಟೋ ಗಾಡಿಗಳ ಮಷೀನ್ ಬದಲಾಗಿರುವುದರಿಂದ ನಿಮ್ಮ ಬಾಗಿಲೊಳಗೆ ಯಾವುದಿದೆ ಎಂದು ಕಣ್ಣಾರೆ ನೋಡಿಯೇ ನಂಬಿ.

ವರ್ಮ್ ಗೇರಿನ ಗುಣ ಏನೆಂದರೆ ಮೋಟರ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟರನ್ನು ತಿರುಗಿಸಲಾರದು. ಹೊರಗಿನಿಂದ ಗಾಜನ್ನು ಕೈಯಲ್ಲಿ ಒತ್ತಿದರೂ ಕೆಳಗೆ ಇಳಿಯದಿರುವುದು ಅದಕ್ಕೇ.

ಇನ್ನು ಕರೆಂಟಿನ ಕಡೆ. ಮೋಟರಿಗೆ ಹೋಗುವುದು ಎರಡೇ ತಂತಿ. ಬಹುತೇಕ ಹಳೆ ಗಾಡಿಗಳಲ್ಲಿ ಗುಂಡಿ ಮುಟ್ಟದೆ ಇರುವಾಗ ಆ ಎರಡೂ ತಂತಿ ಸ್ವಿಚ್ಚಿನೊಳಗಿನಿಂದ ಅರ್ತ್‌ಗೆ, ಅಂದರೆ ಬ್ಯಾಟರಿಯ ಮೈನಸ್ ಜೋಡಿಸಿರುವ ಗಾಡಿಯ ಲೋಹದ ಮೈಗೆ, ಸೇರಿರುತ್ತವೆ. ಮೇಲಕ್ಕೆ ಒತ್ತಿದರೆ ಒಂದು ತಂತಿ ಅರ್ತ್ ಬಿಟ್ಟು 12 ವೋಲ್ಟಿಗೆ ಹಾರುತ್ತದೆ, ಇನ್ನೊಂದು ಅರ್ತ್‌ನಲ್ಲೇ ಉಳಿಯುತ್ತದೆ. ಕೆಳಕ್ಕೆ ಒತ್ತಿದರೆ ಇದರ ಉಲ್ಟಾ. ಧ್ರುವ ಅದಲುಬದಲಾದರೆ ಮೋಟರ್ ಹಿಂದುಮುಂದಾಗಿ ತಿರುಗುತ್ತದೆ. ಅಂದರೆ ಗಾಜು ಏರಬೇಕಾದರೆ ‘ಏರು’ ಕಡೆಯ ಸಂಪರ್ಕ ಒಂದೇ ಚೆನ್ನಾಗಿದ್ದರೆ ಸಾಲದು, ಸುಮ್ಮನೆ ಕೂತಿರುವ ‘ಇಳಿ’ ಕಡೆಯ ಸಂಪರ್ಕವೂ ಅರ್ತ್‌ಗೆ ಗಟ್ಟಿಯಾಗಿ ಅಂಟಿರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೀಟರ್ ಇಲ್ಲ, ಟೆಸ್ಟ್ ಬಲ್ಬ್ ಇಲ್ಲ, ರಸ್ತೆ ಬದಿಯಲ್ಲಿ ನಿಂತಿದ್ದೇನೆ. ಏನಾದರೂ ಗೊತ್ತು ಮಾಡಿಕೊಳ್ಳಬಹುದೇ?

ಖಂಡಿತ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಚಾವಣಿಯ ಲೈಟ್ ಹಾಕಿ, ಅದನ್ನೇ ನೋಡುತ್ತಾ ಗುಂಡಿ ಒತ್ತಿ.

ಲೈಟ್ ಸ್ವಲ್ಪ ಮಂಕಾದರೆ ಕರೆಂಟ್ ಹರಿಯುತ್ತಿದೆ, ಮೋಟರ್ ದುಡಿಯಲು ನೋಡುತ್ತಿದೆ, ಆದರೆ ಏನೋ ಅದನ್ನು ಹಿಡಿದಿಟ್ಟಿದೆ. ಗಾಜು ರಬ್ಬರಿನಲ್ಲಿ ಕಚ್ಚಿಕೊಂಡಿರಬಹುದು, ಮಷೀನ್ ಸಿಕ್ಕಿಕೊಂಡಿರಬಹುದು. ಲೈಟ್ ಕಿಂಚಿತ್ತೂ ಅಲುಗದಿದ್ದರೆ ಕರೆಂಟ್ ದಾರಿಯಲ್ಲೇ ಎಲ್ಲೋ ಕಡಿದಿದೆ: ಫ್ಯೂಸ್, ಸ್ವಿಚ್, ತಂತಿ, ಅರ್ತ್, ಇಲ್ಲವೇ ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್. ಇಷ್ಟರಲ್ಲೇ ಸಮಸ್ಯೆ ಎರಡು ಹೋಳಾಯಿತು.

ಲೈಟ್ ಅಲುಗದಿದ್ದಾಗ ಇನ್ನೊಂದು ಪ್ರಯೋಗ. ಗುಂಡಿ ಒತ್ತಿ ಹಿಡಿದು, ಮೋಟರ್ ಇರುವ ಜಾಗದ ಮೇಲೆ ಬಾಗಿಲನ್ನು ಅಂಗೈಯಿಂದ ಧಡ್ ಎಂದು ಬಡಿಯಿರಿ. ಗಾಜು ಜೀವ ಬಂದಂತೆ ಎದ್ದರೆ ಬ್ರಷ್ ಸವೆದಿದೆ, ಏಟಿನ ಅದುರಿಗೆ ಅದು ಕಮ್ಯುಟೇಟರಿಗೆ (ತಿರುಗುವ ಭಾಗದ ತಾಮ್ರದ ಉಂಗುರಕ್ಕೆ) ತಾಗಿತು ಎಂದರ್ಥ. ಇದು ದುರಸ್ತಿಯಲ್ಲ, ಮನೆ ತಲುಪುವ ಉಪಾಯ. ಗಾಜನ್ನು ಪೂರ್ತಿ ಏರಿಸಿ, ಮನೆ ಸೇರುವವರೆಗೂ ಆ ಗುಂಡಿಯ ತಂಟೆಗೆ ಹೋಗಬೇಡಿ.

ಎರಡೂ ಗಾಜು ಒಂದೇ ದಿನ ಸತ್ತಿವೆ. ಎರಡೂ ಮೋಟರ್ ಹೋಯಿತೇ?

ಇಲ್ಲ. ಎರಡು ಮೋಟರ್ ಮಾತಾಡಿಕೊಂಡು ಒಂದೇ ದಿನ ಸಾಯುವುದಿಲ್ಲ. ಎರಡಕ್ಕೂ ಸಮಾನವಾದದ್ದನ್ನು ಹುಡುಕಿ: ಫ್ಯೂಸ್, ರಿಲೇ (ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಇದ್ದರೆ ಅದು, ಕೀ ಆನ್ ಆದಾಗ ಬರುವ ಸಪ್ಲೈ, ಸ್ವಿಚ್ ಗುಂಪಿನ ಅರ್ತ್. ಫ್ಯೂಸನ್ನು ಕಣ್ಣಲ್ಲಿ ನೋಡಿ ‘ಚೆನ್ನಾಗಿದೆ’ ಎಂದು ತೀರ್ಮಾನಿಸಬೇಡಿ. ತೆಗೆದು, ಕಾಲುಗಳನ್ನು ಉಜ್ಜಿ, ಮತ್ತೆ ಹಾಕಿ. ಹಳೆಯ ಬೆಂಜ್ ಡಬ್ಲ್ಯು 123ರಂಥ ಗಾಡಿಗಳಲ್ಲಿ ಬರುವ ಗುಂಡಿನಾಕಾರದ ಫ್ಯೂಸುಗಳಿಗಂತೂ ಇದು ಹುಟ್ಟುಗುಣ. ತುದಿಯಲ್ಲಿ ಕಿಲುಬು ಹಿಡಿಯುತ್ತದೆ, ಬೆರಳಲ್ಲಿ ಎರಡು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ.

ಫ್ಯೂಸ್ ಪದೇ ಪದೇ ಸುಡುತ್ತಿದೆ. ಒಂದು ಸೈಜ್ ದೊಡ್ಡದು ಹಾಕಲೇ?

ಬೇಡ. ಫ್ಯೂಸ್ ಇರುವುದು ಮೋಟರನ್ನು ಕಾಯಲು ಅಲ್ಲ, ತಂತಿಯನ್ನು ಕಾಯಲು. ದೊಡ್ಡ ಫ್ಯೂಸ್ ಹಾಕಿದರೆ ಸುಡುವ ಸರದಿ ಡ್ಯಾಶ್‌ಬೋರ್ಡಿನ ಹಿಂದಿನ ತಂತಿಗೆ ಬರುತ್ತದೆ, ಅಲ್ಲಿ ಹೊಗೆ ಎದ್ದರೆ ಆರಿಸಲು ಕೈ ಹೋಗದು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸನ್ನೂ ನಾನು ನೋಡಿದ್ದೇನೆ.

ಗುಂಡಿ ಮುಟ್ಟದೆಯೇ ಸುಟ್ಟರೆ ತಂತಿ ಎಲ್ಲೋ ಗಾಡಿಯ ಲೋಹದ ಮೈಗೆ ತಾಗುತ್ತಿದೆ. ಮೊದಲ ಅನುಮಾನ ಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆಯ ಮೇಲೆ. ಗಾಜು ತುದಿ ಮುಟ್ಟುವಾಗ ಮಾತ್ರ ಸುಟ್ಟರೆ ಮಷೀನ್ ಬಿಗಿಯಾಗಿದೆ.

ಪಕ್ಕದ ಸೀಟಿನ ಗಾಜು ಡ್ರೈವರ್ ಕಡೆಯ ಗುಂಡಿಗೆ ಬಗ್ಗುತ್ತದೆ, ತನ್ನ ಗುಂಡಿಗೆ ಬಗ್ಗುವುದಿಲ್ಲ. ಯಾಕೆ?

ಮೋಟರ್, ಮಷೀನ್, ಬಾಗಿಲಿನ ತಂತಿ ಎಲ್ಲ ಸರಿಯಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ಬಾಗಿಲಿನ ಸ್ವಿಚ್ ಅಥವಾ ಅದಕ್ಕೆ ಬರುವ ಸಪ್ಲೈ ನೋಡಿ.

ಎರಡೂ ಗುಂಡಿಗೆ ಬಗ್ಗದಿದ್ದರೆ ಪರಿಸ್ಥಿತಿ ಸ್ವಲ್ಪ ಮೋಸದ್ದು. ಹಲವು ಗಾಡಿಗಳಲ್ಲಿ ಪಕ್ಕದ ಬಾಗಿಲಿನ ಸ್ವಿಚ್ಚಿಗೆ ಬೇಕಾದ ಅರ್ತ್ ಡ್ರೈವರ್ ಕಡೆಯ ಸ್ವಿಚ್ಚಿನ ಒಳಗಿನಿಂದ ಹಾದು ಬರುತ್ತದೆ. ಹೀಗಾಗಿ ಡ್ರೈವರ್ ಸ್ವಿಚ್ಚಿನಲ್ಲಿ ಕೊಳೆ ಕೂತರೆ ಪಕ್ಕದ ಬಾಗಿಲು ಪೂರ್ತಿ ಸಾಯಬಹುದು. ಎಡಗಡೆಯ ರೋಗಕ್ಕೆ ಬಲಗಡೆ ಮದ್ದು.

ಗಾಜು ಸಲೀಸಾಗಿ ಇಳಿಯುತ್ತದೆ, ಏರುವುದಿಲ್ಲ.

ಒಂದು ದಿಕ್ಕಿಗೆ ಜೋರಾಗಿ ತಿರುಗುವ ಮೋಟರ್ ಇನ್ನೊಂದು ದಿಕ್ಕಿಗೂ ತಿರುಗಲೇಬೇಕು. ಹಾಗಾಗಿ ಮೋಟರ್ ಕೆಟ್ಟಿದೆ ಎಂದವರ ಮಾತಿಗೆ ತಲೆಯಾಡಿಸಿ ಪರ್ಸ್ ತೆಗೆಯಬೇಡಿ. ಉಳಿದಿದ್ದು ಎರಡು ಸಾಧ್ಯತೆ.

ಮೊದಲನೆಯದು ಸ್ವಿಚ್. ಮೇಲೆ ಹೇಳಿದ್ದು ಇಲ್ಲಿಗೆ ಬಂತು: ‘ಏರು’ ಸಂಪರ್ಕ ಕರೆಂಟ್ ಕೊಡುತ್ತಿಲ್ಲ, ಅಥವಾ ‘ಇಳಿ’ ಸಂಪರ್ಕ ಅರ್ತ್ ಮುಟ್ಟುತ್ತಿಲ್ಲ. ಎಷ್ಟೋ ಜನ ಮೊದಲನೆಯದನ್ನು ಮಾತ್ರ ಉಜ್ಜಿ, ಸರಿಹೋಗಲಿಲ್ಲವೆಂದು ಸ್ವಿಚ್ ಬಿಸಾಡುತ್ತಾರೆ. ಪಕ್ಕದ ಬಾಗಿಲಿಗೂ ಅಂಥದ್ದೇ ಸ್ವಿಚ್ ಇದ್ದರೆ ಐದು ನಿಮಿಷ ಅದಲುಬದಲು ಮಾಡಿ ನೋಡಿ. ರೋಗ ಸ್ವಿಚ್ಚಿನ ಹಿಂದೆಯೇ ಹೋದರೆ ಇನ್ನು ಹುಡುಕುವ ಕೆಲಸವಿಲ್ಲ.

ಹಳೆಯ ಸ್ವಿಚ್ಚುಗಳನ್ನು ಬಿಚ್ಚಬಹುದು. ಚಿಕ್ಕ ಸ್ಕ್ರೂಡ್ರೈವರಿನಿಂದ ಪಕ್ಕದ ಕೊಕ್ಕೆ ಸರಿಸಿ, ಒಂದು ಬಿಳಿ ಬಟ್ಟೆಯ ಮೇಲೆ ಬಿಚ್ಚಿ, ಯಾಕೆಂದರೆ ಒಳಗಿನ ಸಣ್ಣ ಸ್ಪ್ರಿಂಗ್ ಹಾರಿದರೆ ಮನೆಮಂದಿಯೆಲ್ಲ ನೆಲದ ಮೇಲೆ ಕೂತು ಹುಡುಕಬೇಕಾಗುತ್ತದೆ. ತಾಮ್ರದ ಬಿಂದುಗಳ ಮೇಲೆ ಕರಿ ಹಿಡಿದಿರುತ್ತದೆ. 600 ನಂಬರಿನ ನುಣುಪು ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ.

ಎರಡನೆಯ ಸಾಧ್ಯತೆ ಭಾರ. ಇಳಿಯುವಾಗ ಗಾಜಿನ ತೂಕ ಮೋಟರಿಗೆ ಸಹಾಯ, ಏರುವಾಗ ಅದೇ ಹೊರೆ. ಸಿಯೆರಾದ ಬಾಗಿಲು ದೊಡ್ಡದು, ಗಾಜೂ ದೊಡ್ಡದು. ರಬ್ಬರ್ ಒಣಗಿ, ಕರೆಂಟ್ ಸೋರಿ, ಗ್ರೀಸ್ ಗಟ್ಟಿಯಾದಾಗ ಮೊದಲು ನಿಲ್ಲುವುದೇ ಏರುವ ಕೆಲಸ. ಅಂಗೈಗಳನ್ನು ಗಾಜಿನ ಎರಡೂ ಮೈಗೆ ಒತ್ತಿ ಮೇಲಕ್ಕೆ ಆಸರೆ ಕೊಟ್ಟು, ಇನ್ನೊಬ್ಬರಿಂದ ಗುಂಡಿ ಒತ್ತಿಸಿ. ಆಗ ಏರಿದರೆ ತೊಡಕು ಇರುವುದು ಭಾರದಲ್ಲಿ.

ಬಾಗಿಲು ತೆರೆದಾಗ ಕೆಲಸ ಮಾಡುತ್ತದೆ, ಮುಚ್ಚಿದರೆ ಇಲ್ಲ. ದೆವ್ವ ಹೊಕ್ಕಿದೆಯೇ?

ತಂತಿ ತುಂಡಾಗಿದೆ. ಬಾಗಿಲಿನ ಕೀಲುಗಳ ನಡುವೆ ರಬ್ಬರ್ ಕೊಳವೆ ಕಾಣುತ್ತದಲ್ಲ, ಬಾಗಿಲ ತಂತಿಗಳೆಲ್ಲ ಅದರೊಳಗಿಂದ ಹೋಗುತ್ತವೆ. ಮೂವತ್ತು ವರ್ಷ ದಿನಕ್ಕೆ ಹತ್ತು ಸಲ ಬಗ್ಗಿದರೆ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತದೆ, ಕಣ್ಣಿಗೆ ಏನೂ ಗೊತ್ತಾಗದು. ರಬ್ಬರ್ ಸರಿಸಿ ಒಂದೊಂದೇ ತಂತಿಯನ್ನು ಮೆಲ್ಲಗೆ ಎಳೆದು ನೋಡಿ, ತುಂಡಾದದ್ದು ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ.

ಇದನ್ನು ನಾನು ದುಡ್ಡು ತೆತ್ತು ಕಲಿತೆ. ಆಗ ನನ್ನ ಬಳಿ ಇದ್ದ ಬೇರೊಂದು ಹಳೆ ಕಾರಿನ ಗಾಜು ಹೀಗೇ ಆಡುತ್ತಿತ್ತು. ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಮೋಟರ್ ಬದಲಿಸಿದರು. ಬದಲಿಸುವಾಗ ಬಾಗಿಲು ತೆರೆದೇ ಇತ್ತು, ಗಾಜು ಜುಮ್ಮೆಂದು ಓಡಿತು, ದುಡ್ಡು ಕೊಟ್ಟೆ. ಮನೆ ಗೇಟು ತಲುಪುವ ಹೊತ್ತಿಗೆ ಮತ್ತೆ ನಿಂತಿತು. ಮರುವಾರ ಸ್ವಿಚ್ ಬದಲಾಯಿತು. ಮೂರನೇ ವಾರ ನಾನೇ ಕೂತು ಕೀಲಿನ ಬಳಿ ಎಳೆದು ನೋಡಿದಾಗ ನೀಲಿ ತಂತಿಯೊಂದು ಒಳಗೇ ಕಡಿದಿತ್ತು. ಗೇಣುದ್ದ ತಂತಿಯ ಕೆಲಸ. ಅಂದಿನಿಂದ ಮೋಟರನ್ನು ಕಟಕಟೆಗೆ ಹತ್ತಿಸುವ ಮೊದಲು ಉಳಿದವರೆಲ್ಲರನ್ನೂ ವಿಚಾರಿಸುತ್ತೇನೆ.

ಜೋಡಿಸುವಾಗ ಬಗ್ಗುವ ಜಾಗದಲ್ಲೇ ಗಂಟು ಹಾಕಬೇಡಿ. ಎರಡೂ ಕಡೆ ಸ್ವಲ್ಪ ದೂರದಲ್ಲಿ ಕತ್ತರಿಸಿ, ನಡುವೆ ಸಣ್ಣ ಎಳೆಗಳ ಮೆತ್ತನೆ ತಂತಿ ಸೇರಿಸಿ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೂರಿಸಿ.

ಗಾಜು ಏರುವುದು ಬಸವನ ಹುಳುವಿನಂತೆ. ಹೊಸ ಮೋಟರ್ ಹಾಕಿದರೆ ಸರಿಹೋಗುವುದೇ?

ಕೆಲವು ತಿಂಗಳು ಸರಿಹೋದಂತೆ ಕಾಣುತ್ತದೆ. ಆಮೇಲೆ ಹೊಸ ಮೋಟರೂ ಹಳೆಯದರ ದಾರಿ ಹಿಡಿಯುತ್ತದೆ. ನಿಧಾನಕ್ಕೆ ಕಾರಣ ಎರಡು ಕಡೆ ಇರುತ್ತದೆ: ತಿಕ್ಕಾಟ ಹೆಚ್ಚಾಗಿದೆ, ಅಥವಾ ವೋಲ್ಟೇಜ್ ದಾರಿಯಲ್ಲಿ ಸೋರುತ್ತಿದೆ. ಹಳೆ ಗಾಡಿಯಲ್ಲಿ ಸಾಮಾನ್ಯವಾಗಿ ಎರಡೂ.

ವೋಲ್ಟೇಜ್ ಅಳೆಯುವುದು ಹೇಗೆ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಮೋಟರಿನ ಕಪ್ಲರ್ (ತಂತಿ ಜೋಡಿಸುವ ಪ್ಲಗ್) ಕಿತ್ತು ಮೀಟರ್ ಇಟ್ಟರೆ 12 ವೋಲ್ಟ್ ತೋರಿಸುತ್ತದೆ, ಖುಷಿಯಾಗುತ್ತದೆ. ಆದರೆ ಒಂದೇ ಒಂದು ಎಳೆಯ ಮೇಲೆ ನೇತಾಡುತ್ತಿರುವ ತಂತಿಯೂ ಅಷ್ಟೇ ತೋರಿಸುತ್ತದೆ, ಯಾಕೆಂದರೆ ಆಗ ಕರೆಂಟ್ ಹರಿಯುತ್ತಿಲ್ಲ. ನಲ್ಲಿ ಮುಚ್ಚಿದ್ದಾಗ ಪೈಪಿನ ಪ್ರೆಶರ್ ಎಲ್ಲ ಕಡೆ ಒಂದೇ, ತೆರೆದಾಗಲೇ ಕಟ್ಟಿಕೊಂಡ ಪೈಪಿನ ಬಣ್ಣ ಬಯಲು. ಹಾಗಾಗಿ ಕಪ್ಲರ್ ಜೋಡಿಸಿಟ್ಟು, ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿ, ಗುಂಡಿ ಒತ್ತಿ ಗಾಜು ಚಲಿಸುತ್ತಿರುವಾಗ ಓದಿ.

ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್ ಇರುತ್ತದೆ, ಎಂಜಿನ್ ಓಡುವಾಗ 14ರ ಆಸುಪಾಸು. ಗಾಜು ಏರುವಾಗ ಮೋಟರಿನ ಬಳಿ ಬ್ಯಾಟರಿಗಿಂತ ಒಂದು ವೋಲ್ಟ್ ಕಡಿಮೆ ಇದ್ದರೆ ನಾನು ಸುಮ್ಮನಿರುತ್ತೇನೆ. ಮೂರು ವೋಲ್ಟ್ ಕಾಣೆಯಾಗಿದ್ದರೆ ಕಳ್ಳನನ್ನು ಹುಡುಕಬೇಕು. ಲೆಕ್ಕ ಸುಲಭ: 10 ಆಂಪಿಯರ್ ಹರಿಯುವಾಗ ಸ್ವಿಚ್ಚಿನ ಕೊಳೆಯಲ್ಲಿ 0.2 ಓಮ್ ಅಡ್ಡಿ ಇದ್ದರೂ 2 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಗಾಜು ಏರಿಸಿದ ಮೇಲೆ ಸ್ವಿಚ್ ಅಥವಾ ಕಪ್ಲರ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಕಳ್ಳ ಸಿಕ್ಕ. ಅರ್ತ್ ಕಡೆಯೂ ಇದೇ ರೀತಿ ಅಳೆಯಿರಿ. ಬಣ್ಣದ ಮೇಲೆ ಬಿಗಿದ ಅರ್ತ್ ಬೋಲ್ಟ್ ಅರ್ತ್ ಅಲ್ಲ.

ವೋಲ್ಟೇಜ್ ಸರಿಯಿದ್ದೂ ನಿಧಾನವೆಂದರೆ ತಿಕ್ಕಾಟ. ಗಾಜು ಜಾರುವ ಚಾನೆಲ್ ರಬ್ಬರಿನ ಒಳಗಿನ ಮಖಮಲ್ಲಿನಂಥ ಪದರ ಸವೆದಿರುತ್ತದೆ, ಅದರಲ್ಲಿ ಧೂಳು ಸೇರಿ ಉಪ್ಪುಕಾಗದದಂತೆ ಆಗಿರುತ್ತದೆ. ತೆಳು ಕಡ್ಡಿಗೆ ಬಟ್ಟೆ ಸುತ್ತಿ, ಸೋಪು ನೀರಲ್ಲಿ ಅದ್ದಿ ಚಾನೆಲ್ ಉದ್ದಕ್ಕೂ ಒರೆಸಿ. ಬಟ್ಟೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗುವುದು ನಿಂತಾಗ ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆದು ಗಾಜನ್ನು ನಾಲ್ಕೈದು ಸಲ ಏರಿಸಿ ಇಳಿಸಿ. ಎಂಜಿನ್ ಆಯಿಲ್, ಗ್ರೀಸ್, ತೆಂಗಿನೆಣ್ಣೆ ಯಾವುದೂ ಬೇಡ. ಆಯಿಲ್ ರಬ್ಬರನ್ನು ಉಬ್ಬಿಸುತ್ತದೆ, ಉಳಿದವು ಧೂಳನ್ನು ಕರೆದು ಕೂರಿಸಿಕೊಳ್ಳುತ್ತವೆ. ಪಾಪದ ಮೋಟರಿನ ಮೇಲೆ ಬಂದ ಆರೋಪಗಳಲ್ಲಿ ಅರ್ಧ ಈ ಸ್ಪ್ರೇ ಡಬ್ಬಿಯಲ್ಲೇ ಇತ್ಯರ್ಥವಾಗುವುದನ್ನು ಕಂಡಿದ್ದೇನೆ.

ಸನ್‌ಫಿಲ್ಮ್ ಕಿತ್ತ ಮೇಲೆ ಗಾಜು ಬಿಗಿಯಾಯಿತು. ಸಂಬಂಧ ಇದೆಯೇ?

ಇದೆ. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವಂತಿಲ್ಲ ಎಂದಾಗ ರಸ್ತೆ ಬದಿಯಲ್ಲೇ ಪರಪರ ಹರಿದ ಗಾಜುಗಳೆಷ್ಟೋ. ಬೀಡಿಂಗ್ (ಗಾಜು ಬಾಗಿಲೊಳಗೆ ಇಳಿಯುವಲ್ಲಿನ ರಬ್ಬರ್ ಪಟ್ಟಿ) ಕೆಳಗಿನ ಭಾಗದಲ್ಲಿ ಫಿಲ್ಮಿನ ಚೂರು, ಅಂಟು ಹಾಗೇ ಉಳಿದುಬಿಟ್ಟಿದ್ದರೆ ಪ್ರತಿ ಸಲವೂ ಅದು ರಬ್ಬರನ್ನು ಹಿಡಿಯುತ್ತದೆ. ಗಾಜನ್ನು ಅರ್ಧ ಇಳಿಸಿ, ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ.

ಎರಡು ಸಲ ಏರಿಸಿ ಇಳಿಸಿದರೆ ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ.

ಮೋಟರಿನೊಳಗೆ ಬಿಸಿಯಾದರೆ ತಾನೇ ಬಿಟ್ಟುಕೊಳ್ಳುವ ಥರ್ಮಲ್ ಕಟ್ ಇರುತ್ತದೆ. ಅದು ತನ್ನ ಕೆಲಸ ಮಾಡುತ್ತಿದೆ, ಬೈಯಬೇಡಿ. ಗಾಜು ಸರಾಗವಾಗಿದ್ದರೆ ಮೋಟರ್ ಕೆಲವೇ ಆಂಪಿಯರ್ ಎಳೆಯುತ್ತದೆ, ಸಿಕ್ಕಿಕೊಂಡರೆ 20 ದಾಟುವುದುಂಟು. ಯಾಕೆ ಇಷ್ಟು ಬಿಸಿಯಾಗುತ್ತಿದೆ ಎಂದು ತಿಳಿಯಲು ಬಸವನ ಹುಳುವಿನ ಪ್ರಶ್ನೆಯ ಉತ್ತರಕ್ಕೆ ಹೋಗಿ.

ಮೋಟರಿನ ಸದ್ದು ಚೆನ್ನಾಗಿ ಕೇಳುತ್ತದೆ, ಗಾಜು ಮಿಸುಕುವುದಿಲ್ಲ.

ಈಗ ಸ್ವಿಚ್, ಫ್ಯೂಸ್, ತಂತಿ ಎಲ್ಲವೂ ನಿರಪರಾಧಿಗಳು. ಕೇಬಲ್ ಮಷೀನ್ ಆಗಿದ್ದರೆ ಕೇಬಲ್ ಹರಿದಿದೆ ಅಥವಾ ಅದನ್ನು ಸುತ್ತಿಕೊಳ್ಳುವ ಡ್ರಮ್ಮಿನಿಂದ ಹಾರಿದೆ, ಸಾಮಾನ್ಯವಾಗಿ ಅದಕ್ಕೂ ಮುನ್ನ ಕೆಲವು ವಾರ ಕಟಕಟ ಸದ್ದು ಬಂದಿರುತ್ತದೆ. ಕತ್ತರಿ ಮಷೀನ್ ಆಗಿದ್ದರೆ ಹಲ್ಲು ಸವೆದಿರಬಹುದು, ತುದಿಯ ನೈಲಾನ್ ಉರುಳೆ ಪುಡಿಯಾಗಿರಬಹುದು. ಇನ್ನೊಂದು ಜಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ: ಕೆಲವು ಮೋಟರುಗಳ ಗೇರ್ ಪೆಟ್ಟಿಗೆಯೊಳಗೆ ಹೊಡೆತ ತಡೆಯಲೆಂದು ಪ್ಲಾಸ್ಟಿಕ್ ತುಂಡುಗಳನ್ನು ಕೂರಿಸಿರುತ್ತಾರೆ. ವಯಸ್ಸಾದಂತೆ ಅವು ಹುಡಿಯಾಗುತ್ತವೆ, ಗೇರ್ ಬರಿದೇ ಸುತ್ತುತ್ತದೆ. ತುಂಡುಗಳನ್ನು ಟರ್ನರ್ ಬಳಿ ನೈಲಾನಿನಲ್ಲಿ ಕಡೆಸಿಕೊಂಡವರಿದ್ದಾರೆ.

ಗಾಜು ವಾರೆಯಾಗಿ ಏರುತ್ತದೆ.

ಗಾಜಿನ ಕೆಳ ಅಂಚಿಗೆ ಅಂಟಿಸಿದ ಲೋಹದ ಪಟ್ಟಿ ಸಡಿಲವಾಗಿದೆ ಅಥವಾ ಉರುಳೆ ಪಟ್ಟಿಯಿಂದ ಜಾರಿದೆ. ಹಾಗೇ ಒತ್ತಾಯದಿಂದ ಏರಿಸುತ್ತಾ ಹೋದರೆ ಒಂದು ದಿನ ಗಾಜು ಪುಡಿಯಾಗುತ್ತದೆ, ಈ ಗಾಡಿಗೆ ಗಾಜು ಹುಡುಕುವುದು ಮೋಟರ್ ಹುಡುಕುವುದಕ್ಕಿಂತ ಕಷ್ಟ.

ಡೋರ್ ಪ್ಯಾಡ್ (ಬಾಗಿಲ ಒಳಮೈಯ ಹೊದಿಕೆ) ಬಿಚ್ಚುವಾಗ ಎಚ್ಚರ ವಹಿಸಬೇಕಾದ್ದು ಏನು?

ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಬಾಗಿಲೆಳೆಯುವ ಹಿಡಿಯ ಒಳಗೆ, ಲಾಕ್ ಹಿಡಿಯ ಹಿಂದೆ, ಮೂಲೆಗಳಲ್ಲಿ ಅಡಗಿದ ಸ್ಕ್ರೂಗಳನ್ನೆಲ್ಲ ಹುಡುಕಿದ ಮೇಲಷ್ಟೇ ಎಳೆಯಿರಿ. ಹಳೆಯ ಪ್ಯಾಡಿನ ಹಲಗೆ ಹಪ್ಪಳದಂತಾಗಿರುತ್ತದೆ. ಕ್ಲಿಪ್ ಪಕ್ಕದಲ್ಲೇ ಚಪ್ಪಟೆ ಮರದ ತುಂಡು ತೂರಿಸಿ ಮೀಟಬೇಕು, ಮೂಲೆ ಹಿಡಿದು ಜಗ್ಗಬಾರದು. ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ. ಬೀಡಿಂಗ್ ದಾಟಿ ಬಂದ ಮಳೆನೀರು ಬಾಗಿಲ ತಳದ ತೂತುಗಳಿಂದ ಹೊರಹೋಗಬೇಕು, ಪ್ಯಾಡಿಗೆ ತಾಗಬಾರದು ಎಂದು ಇಟ್ಟದ್ದು ಅದು. ಎಷ್ಟೋ ಗ್ಯಾರೇಜುಗಳಲ್ಲಿ ಅದನ್ನು ಹರಿದು ಎಸೆಯುತ್ತಾರೆ. ತಳದ ತೂತುಗಳನ್ನೂ ಕಡ್ಡಿ ಹಾಕಿ ಬಿಡಿಸಿ, ಮಂಗಳೂರು, ಮಲೆನಾಡಿನ ಗಾಡಿಗಳಲ್ಲಿ ಒಳಗೆ ಸಣ್ಣ ಕೆರೆಯೇ ನಿಂತಿರುತ್ತದೆ.

ಈಗ ನಿಜವಾದ ಅಪಾಯ. ಕತ್ತರಿ ಮಷೀನಿಗೆ ಗಾಜಿನ ಭಾರ ಹೊರಲು ಗಡಿಯಾರದ ಸುರುಳಿಯಂಥ ದಪ್ಪ ಸ್ಪ್ರಿಂಗ್ ಇರುವುದುಂಟು. ಅದನ್ನು ತಡೆದು ನಿಲ್ಲಿಸಿರುವುದು ಮೋಟರಿನ ವರ್ಮ್ ಗೇರ್. ಮೋಟರಿನ ಬೋಲ್ಟ್ ಬಿಚ್ಚಿದ ಕ್ಷಣ ಸ್ಪ್ರಿಂಗ್ ಬಿಚ್ಚಿಕೊಂಡು ಹಲ್ಲಿನ ತಟ್ಟೆ ಕತ್ತಿಯಂತೆ ಬೀಸುತ್ತದೆ, ಬೆರಳು ಉಳಿಯದು. ಮೋಟರ್ ಮುಟ್ಟುವ ಮೊದಲು ಹಲ್ಲಿನ ತಟ್ಟೆಯನ್ನು ಹಿಂದಿನ ಚೌಕಟ್ಟಿಗೆ ಬೋಲ್ಟ್ ಹಾಕಿ ಅಥವಾ ಕ್ಲಾಂಪ್ ಬಿಗಿದು ಕಟ್ಟಿಹಾಕಿ. ಗಾಜನ್ನೂ ಮೇಲೇರಿಸಿ, ಚೌಕಟ್ಟಿಗೆ ಅಗಲದ ಟೇಪಿನಿಂದ ಅಂಟಿಸಿ. ಇದು ತಲೆಗೆ ಹತ್ತದಿದ್ದರೆ ಈ ಒಂದು ಕೆಲಸವನ್ನು ಬಲ್ಲವರಿಗೆ ಬಿಡಿ.

ಮೋಟರನ್ನೇ ಬಿಚ್ಚಿ ಸರಿಮಾಡಬಹುದೇ?

ಮೊದಲು ಅದು ನಿಜಕ್ಕೂ ತಪ್ಪಿತಸ್ಥನೇ ನೋಡಿ. ಕಪ್ಲರ್ ಕಿತ್ತು, ಬ್ಯಾಟರಿಯಿಂದ ಎರಡು ತಂತಿ ತಂದು, ನಡುವೆ ಒಂದು ಫ್ಯೂಸ್ ಸೇರಿಸಿ ನೇರ ಕೊಡಿ. ಅದಲುಬದಲು ಮಾಡಿ ಕೊಡಿ. ಎರಡೂ ದಿಕ್ಕಿಗೆ ಬಲವಾಗಿ ತಿರುಗಿದರೆ ಮೋಟರನ್ನು ಬಿಟ್ಟುಬಿಡಿ.

ತಿರುಗದಿದ್ದರೆ ಬಿಚ್ಚಬಹುದು. ಸವೆದ ಕಾರ್ಬನ್, ಕರಿಗಟ್ಟಿದ ಕಮ್ಯುಟೇಟರ್, ಮೇಣವಾದ ಗ್ರೀಸ್, ಸಾಮಾನ್ಯವಾಗಿ ಇವೇ ಮೂರು. ಅಳತೆಗೆ ಹತ್ತಿರದ ಕಾರ್ಬನ್ ತಂದು ಸಣ್ಣ ಅರದಲ್ಲಿ ತಿದ್ದಿ ಕೂರಿಸುವ ಆಟೊ ಎಲೆಕ್ಟ್ರಿಷಿಯನ್‌ಗಳು ಇನ್ನೂ ಇದ್ದಾರೆ. ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಭಾಗ) ಸುಟ್ಟ ವಾಸನೆ ಬಂದರೆ ಮಾತ್ರ ಕೈಬಿಡಿ.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದು ಸುತ್ತು, ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು. ರಿಲೇ, ತಂತಿ, ಕಪ್ಲರ್ ಪಿನ್ನುಗಳಿಗೆ ಎಸ್.ಪಿ. ರಸ್ತೆ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ, ಫೋಟೊ ಸಾಲದು. ಬೋಲ್ಟ್ ತೂತುಗಳ ಅಂತರ, ಹಲ್ಲುಗಳ ಸಂಖ್ಯೆ, ಎಡವೋ ಬಲವೋ ಎಂಬುದು ಹೊಂದಬೇಕು. ‘ಸಿಯೆರಾ’ ಎಂದಷ್ಟೇ ಕೇಳಿದರೆ ಈಗ ಇನ್ನೊಂದು ಗೊಂದಲ: 2025ರಲ್ಲಿ ಅದೇ ಹೆಸರಿನ ಹೊಸ ಗಾಡಿ ಬಂದಿದೆ. ‘ಹಳೇದು, ಎರಡು ಡೋರಿಂದು’ ಎಂದು ಬಿಡಿಸಿ ಹೇಳಿ. ಟಾಟಾದ ಹಳೆ ಪಿಕಪ್ ಟೆಲ್ಕೋಲೈನ್, ಎಸ್ಟೇಟ್ ಹೆಸರನ್ನೂ ಸೇರಿಸಿದರೆ ಹಳಬ ಅಂಗಡಿಯವರ ಮುಖ ಅರಳುತ್ತದೆ, ಏಣಿ ಹತ್ತಿ ಮೇಲಿನ ಅಟ್ಟ ನೋಡುತ್ತಾರೆ.

ರಿಲೇ ಹಾಕಿಸಿದರೆ ಗಾಜು ಚುರುಕಾಗುತ್ತದಂತೆ, ನಿಜವೇ?

ನಿಜ. ಮೋಟರಿನ ಪೂರ್ತಿ ಕರೆಂಟ್ ಸ್ವಿಚ್ಚಿನ ಸಣ್ಣ ಬಿಂದುಗಳ ಮೂಲಕ ಹರಿಯುವುದೇ ಹಳೆಯ ಏರ್ಪಾಟಿನ ದೌರ್ಬಲ್ಯ. ಒಂದು ಮೋಟರಿಗೆ ಐದು ಕಾಲಿನ ಎರಡು ರಿಲೇ, ಏರಲು ಒಂದು, ಇಳಿಯಲು ಒಂದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ 2.5 ಚದರ ಮಿಲಿಮೀಟರ್ ತಂತಿ. ಸ್ವಿಚ್ ಆಗ ರಿಲೇಗೆ ಸನ್ನೆ ಮಾತ್ರ ಮಾಡುತ್ತದೆ, ಹೊರೆ ಹೊರುವುದಿಲ್ಲ. ರಿಲೇಗೆ ಸನ್ನೆ ಹೋಗುವ ಕರೆಂಟ್ ಮಾತ್ರ ಕೀ ಆನ್ ಇದ್ದಾಗಲೇ ಬರುವಂತಿರಲಿ. ಆದರೆ ಒಣ ರಬ್ಬರ್ ಹಾಗೇ ಬಿಟ್ಟು ರಿಲೇ ಹಾಕಿಸಿದರೆ ಕಾಲು ಕಟ್ಟಿದ ಎತ್ತಿಗೆ ಚಾಟಿ ಬೀಸಿದಂತೆ.

ಸುಮ್ಮನೆ ಹಿಡಿ ತಿರುಗಿಸುವ ಮಷೀನ್ ಹಾಕಿಸಿಬಿಡಲೇ? ಅಥವಾ ಮಾರ್ಕೆಟ್ಟಿನ ಯೂನಿವರ್ಸಲ್ ಕಿಟ್?

ನಿಮ್ಮ ಗಾಡಿ, ನಿಮ್ಮ ಇಷ್ಟ. ಗುಂಡಿಯಿಂದಲೇ ಹೆಸರಾದ ಗಾಡಿಗೆ ಹಿಡಿ ಹಾಕಿಸಲು ನನಗೆ ಮನಸ್ಸಾಗದು. ಯೂನಿವರ್ಸಲ್ ಕಿಟ್ ಚಿಕ್ಕ ಕಾರುಗಳ ಹಗುರ ಗಾಜಿಗೆ ಸರಿ. ದೊಡ್ಡ ಗಾಜಿಗೆ ಹಾಕುವುದಾದರೆ ಹಳೆಯ ಭಾಗಗಳನ್ನು ಒಂದು ಡಬ್ಬದಲ್ಲಿ ಹೆಸರು ಬರೆದು ಎತ್ತಿಡಿ, ಮುಂದಿನ ಮಾಲೀಕ ಹರಸುತ್ತಾನೆ.

ಜೋರು ಮಳೆ, ಗಾಜು ಇಳಿದೇ ಕೂತಿದೆ. ತುರ್ತಾಗಿ ಏನು ಮಾಡಲಿ?

ಬಾಗಿಲು ಬಡಿದು ನೋಡಿ, ತೆರೆದು ಮುಚ್ಚಿ ನೋಡಿ, ಎಂಜಿನ್ ಓಡಿಸಿ ಹೆಡ್‌ಲೈಟ್, ಬ್ಲೋವರ್ ಆರಿಸಿ ಅಂಗೈ ಆಸರೆ ಕೊಟ್ಟು ನೋಡಿ. ಯಾವುದಕ್ಕೂ ಬಗ್ಗದಿದ್ದರೆ ಹೊರಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿನ ಮೇಲೆ ಹಾಕಿ, ಬಾಗಿಲು ಮುಚ್ಚಿ ಅಂಚನ್ನು ಕಚ್ಚಿಸಿ. ಶಿರಾಡಿ ಘಾಟಿಯಲ್ಲಿ ಒಮ್ಮೆ ಅಡಿಕೆ ಒಣಗಿಸುವ ಟಾರ್ಪಾಲಿನ ತುಂಡು ನನ್ನ ಮಾನ ಕಾಪಾಡಿತ್ತು. ಒದ್ದೆಯಾದ ಸ್ವಿಚ್ಚನ್ನು ಮಾತ್ರ ಒಣಗುವವರೆಗೆ ಮುಟ್ಟಬೇಡಿ.

ಮಕ್ಕಳಿದ್ದಾರೆ. ಈ ಗಾಜು ಅಪಾಯವೇ?

ಹೌದು. ಅಡ್ಡ ಸಿಕ್ಕರೆ ತಾನೇ ಹಿಂದಿರುಗುವ ಬುದ್ಧಿ ಈ ಕಾಲದ ಗಾಜುಗಳಿಗೆ ಇಲ್ಲ. ಮೋಟರ್ ರಿಪೇರಿಯಾಗಿ, ರಿಲೇ ಬಿದ್ದು, ರಬ್ಬರ್ ನುಣುಪಾದ ಮೇಲೆ ಅದರ ಬಲ ಇನ್ನೂ ಹೆಚ್ಚು. ಗಾಡಿ ಇಳಿಯುವಾಗ ಕೀ ತೆಗೆದುಕೊಂಡೇ ಇಳಿಯಿರಿ, ಮಗು ಕತ್ತು ಹೊರಗೆ ಹಾಕಿದ್ದಾಗ ಗುಂಡಿಯ ಹತ್ತಿರ ಯಾರ ಕೈಯೂ ಇರಬಾರದು.

ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ. ಗಾಜು ಏರಿಸಿಡಲೇ, ಇಳಿಸಿಡಲೇ?

ಏರಿಸಿಡಿ, ಆದರೆ ತುದಿಗೆ ಒತ್ತಿ ಬಿಗಿಯಬೇಡಿ, ಕೂದಲೆಳೆಯಷ್ಟು ಸಡಿಲ ಬಿಡಿ. ಪೂರ್ತಿ ಬಿಗಿದರೆ ರಬ್ಬರ್ ಗಾಜಿಗೆ ಅಂಟಿಕೊಳ್ಳುತ್ತದೆ, ಪೂರ್ತಿ ಇಳಿಸಿದರೆ ಇಲಿಗೆ ಬಾಗಿಲು ತೆರೆದುಕೊಟ್ಟಂತೆ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಸ್ಟಾರ್ಟ್ ಮಾಡಲು ಹೋದಾಗ ಎರಡೂ ಗಾಜನ್ನು ಒಂದು ಸಲ ಇಳಿಸಿ ಏರಿಸಿ. ಏರುವ ಸದ್ದು ಹಿಂದಿನ ಸಲಕ್ಕಿಂತ ಭಾರವಾಗಿ ಕೇಳಿಸಿದರೆ ಅವತ್ತೇ ಸಿಲಿಕೋನ್ ಸ್ಪ್ರೇ ತೆಗೆಯಿರಿ.